ನಮ್ಮ ಸರ್ ಹಂಗ ಹೇಳಿಲ್ಲ

ಹಿಂದೂರಾವ್ ಮಗದುಮ್ ಗುರೂಜಿ ಮದುವೆಯ ಕರೆಯೋಲೆಯನ್ನೂ ತಿದ್ದುವ ಮನುಷ್ಯ. ಕೊಲ್ಹಾಪುರ ಸೀಮೆಯ ನಮ್ಮ ಮಾಳವಾಡಿಯಲ್ಲಿ ಯಾರಾದರೂ ಲಗ್ನಪತ್ರಿಕೆ ಕೊಡಲು ಹೋದರೆ ಅವರನ್ನು ಕೂರಿಸಿ ಚಹಾ ಕೊಡಿಸುತ್ತಾರೆ. ಬಂದವರು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುವಷ್ಟರಲ್ಲಿ ಜೇಬಿನ ಕೆಂಪು ಪೆನ್ನು ಹೊರಬಂದು ಪತ್ರಿಕೆಯ ಮೇಲೆ ನಾಲ್ಕಾರು ಕಡೆ ಸುತ್ತು ಬಿದ್ದಿರುತ್ತದೆ. "ಮುಹೂರ್ತ ಛಲೋ ಐತಿ, ಒಕ್ಕಣಿ ಸರಿ ಇಲ್ಲ" ಎಂದು ಅದನ್ನು ಬಂದವರ ಕೈಗೇ ಹಿಂದಿರುಗಿಸುತ್ತಾರೆ. ಊರಿನವರಿಗೂ ರೂಢಿಯಾಗಿಹೋಗಿದೆ. ಗುರೂಜಿಯ ಮನೆಗೆ ಹೋಗುವಾಗ ಎರಡು ಪತ್ರಿಕೆ ಒಯ್ಯುತ್ತಾರೆ, ಒಂದು ತಿದ್ದುವುದಕ್ಕೆ, ಇನ್ನೊಂದು ಇಟ್ಟುಕೊಳ್ಳುವುದಕ್ಕೆ.

ನಾನು ಅದೇ ಶಾಲೆಯ ಇನ್ನೊಬ್ಬ ಶಿಕ್ಷಕಿ, ಅರುಣಾಬಾಯಿ. ನಾಲ್ಕು ತರಗತಿ, ಎರಡು ಕೋಣೆ, ಇಬ್ಬರು ನಾವು. ಗೋಡೆಯ ಆ ಕಡೆಯಿಂದ ಗುರೂಜಿಯ ದನಿ ಕೇಳುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅವರ ಹೆಂಡತಿಗಿಂತ ನಾನೇ ಅವರ ಮಾತು ಹೆಚ್ಚು ಕೇಳಿದ್ದೇನೆ ಎಂದು ಆಕೆಯೇ ಹೇಳಿ ನಗುತ್ತಾರೆ. ಆ ನಗೆಯಲ್ಲಿ ಸ್ವಲ್ಪ ಉಪಕಾರಸ್ಮರಣೆಯೂ ಇರುತ್ತದೆ.

ಗುರೂಜಿಯ ಕೈಗೆ ಫೋನು ಬಂದ ಮೇಲೆ ಕೆಂಪು ಪೆನ್ನಿಗೆ ಕಾಲು ಬಂತು. ನಮ್ಮ ಸುತ್ತಲಿನ ಐದಾರು ಶಾಲೆಯವರು ಸೇರಿ ಪಾಠದ ಮಾತು ಹಂಚಿಕೊಳ್ಳೋಣ ಎಂದು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದೆವು. ಗುರೂಜಿ ಅದಕ್ಕೆ 'ಜ್ಞಾನಗಂಗಾ ಶಿಕ್ಷಕ ಪರಿವಾರ' ಎಂದು ಹೆಸರಿಟ್ಟು ತಾವೇ ಅದರ ಯಜಮಾನರಾದರು. ಆ ಗಂಗೆ ಭೋಗಾವತಿ ಹೊಳೆ ದಾಟಿತು, ಕೊಲ್ಹಾಪುರ ದಾಟಿತು, ಸಾಂಗ್ಲಿ, ಸಾತಾರಾ, ಸೋಲಾಪುರ, ಬೀಡ್ ಎಲ್ಲ ಸುತ್ತಿ ಬಂತು. ಕೊನೆಗೆ ಅದರಲ್ಲಿ ಯಾರಿದ್ದಾರೆ ಎಂದು ಗುರೂಜಿಗೇ ಗೊತ್ತಿಲ್ಲದಷ್ಟು ಜನ ಆದರು.

ಗುಂಪಿನ ನೇಮಗಳನ್ನು ಗುರೂಜಿಯೇ ಬರೆದದ್ದು. ಶುಭೋದಯ ಹಾಕಬಾರದು, ರಾಜಕೀಯ ಹಾಕಬಾರದು, ಕಲಿಸುವ ವಿಚಾರವನ್ನಷ್ಟೇ ಹಾಕಬೇಕು. ಮಾರನೆಯ ದಿನ ಮುಂಜಾನೆ ಗುಲಾಬಿ ಹೂವಿನ ಚಿತ್ರದ ಜೊತೆ ಮೊದಲ ಶುಭೋದಯ ಹಾಕಿದವರೂ ಅವರೇ. ಕೇಳಿದರೆ, "ಅದು ಶುಭೋದಯ ಅಲ್ಲ ಬಾಯಿ, ಸುವಿಚಾರ" ಎಂದರು. ಅಳಿಯ ಅಲ್ಲ, ಮಗಳ ಗಂಡ.

ಗುಂಪಿನಿಂದ ಉಪಯೋಗವೇ ಇರಲಿಲ್ಲ ಎಂದರೆ ನಾಲಿಗೆಗೆ ಪಾಪ ಸುತ್ತಿಕೊಳ್ಳುತ್ತದೆ. ಗಡಹಿಂಗ್ಲಜ ಕಡೆಯ ಒಬ್ಬ ಶಿಕ್ಷಕಿ, ಅಕ್ಷರ ಹಿಂದುಮುಂದಾಗಿ ಬರೆಯುವ ಹುಡುಗನೊಬ್ಬನ ಬಗ್ಗೆ ಕೇಳಿದ್ದರು. ನಲವತ್ತು ಜನ "ಪ್ರಯತ್ನ ಮುಂದುವರಿಸಿ" ಎಂದರು. ಕರಾಡದ ಒಬ್ಬರು ಮಾತ್ರ, ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಬರೆಸಿ ನೋಡಿ ಎಂದರು. ಅದನ್ನು ನಾನೂ ನನ್ನ ಒಂದನೆಯ ತರಗತಿಯಲ್ಲಿ ಮಾಡಿ ನೋಡಿದೆ, ಈಗಲೂ ಮಾಡುತ್ತೇನೆ. ಹೀಗೆ ಹೊಟ್ಟು ತೂರಿದರೆ ಕಾಳು ಸಿಗುತ್ತಿತ್ತು. ತೂರುವ ತಾಳ್ಮೆ ಬೇಕಿತ್ತು, ಅಷ್ಟೇ.

ಗುರೂಜಿಗೆ ಆ ತಾಳ್ಮೆ ಇರಲಿಲ್ಲ. ಯಾರಾದರೂ ಮಕ್ಕಳು ಬರೆದ ಪಾಟಿಯ ಫೋಟೋ ಹಾಕಿದರೆ ಸಾಕು, ಅದರ ಮೇಲೆ ಫೋನಿನಲ್ಲೇ ಕೆಂಪು ಸುತ್ತು ಎಳೆದು ಮರಳಿ ಹಾಕುವರು. ಉಳಿದವರು ಹೆಬ್ಬೆರಳಿನ ಚಿತ್ರ, ಕೈಮುಗಿದ ಚಿತ್ರ ಒತ್ತುವರು. ಓದಿ ಒತ್ತಿದವರಿಗಿಂತ ಒತ್ತಿ ಓದದವರೇ ಹೆಚ್ಚು.

ದೀಪಾವಳಿ ಮುಗಿದ ಮೇಲೆ ಸಕ್ಕರೆ ಕಾರ್ಖಾನೆಯ ಗಾಲಿ ತಿರುಗಲು ಶುರುವಾಯಿತು. ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿದವು. ಪ್ರತಿ ವರ್ಷದಂತೆ ನಾವಿಬ್ಬರೂ ಮಕ್ಕಳನ್ನು ಕರೆತರಲು ಹೋದೆವು. ಒಂದು ಗುಡಿಸಲಿನ ಮುಂದೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಹೆಸರು ಊರ್ಮಿಲಾ. ಅವಳ ತಾಯಿ ಶೇವಂತಾ ಕಬ್ಬಿನ ಸೋಗೆ ಕಟ್ಟುತ್ತಾ ತಲೆಯೆತ್ತದೆ ಮಾತಾಡಿದಳು.

"ಕರ್ಕೊಂಡು ಹೋಗ್ರಿ ಗುರೂಜಿ, ಬ್ಯಾಡ ಅನ್ನೂದಿಲ್ಲ. ಆದ್ರ ಇದೊಂದ ವರ್ಷ. ಮೂರು ವರ್ಷ ಆತು, ಅದೇ ಕೂಡೋದು, ಅದೇ ಕಳ್ಯೋದು. ಇಲ್ಲಿ ಬಂದ್ರ ಇಲ್ಲಿ ಮೊದಲಿಂದ, ಊರಿಗೆ ಹೋದ್ರ ಅಲ್ಲಿ ಮೊದಲಿಂದ. ಈ ಸಲನೂ ಅಲ್ಲೇ ನಿಂತ್ರ ಸಾಲಿ ಸಾಕು. ಕೂಸು ನೋಡ್ಕೊಂಡು ಇರ್ಲಿ."

ಅವಳು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಒಂದೊಂದು ವರ್ಷ ಒಂದೊಂದು ಕಾರ್ಖಾನೆ, ಒಂದೊಂದು ಊರು, ಒಂದೊಂದು ಶಾಲೆ. ಯಾವ ಶಿಕ್ಷಕನಿಗೂ ಮಗು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯದು, ಹಾಗಾಗಿ ಎಲ್ಲರೂ ಒಂದರಿಂದಲೇ ಶುರು ಮಾಡುತ್ತಾರೆ. ಯುಗಾದಿಯ ಹೊತ್ತಿಗೆ ಊರಿಗೆ ಮರಳಿದಾಗ ಅಲ್ಲಿನವರದೂ ಅದೇ ಪಾಡು. ಆ ಹುಡುಗಿಯ ಮಟ್ಟಿಗೆ ಓದು ಎಂದರೆ ಮೊದಲ ಮೆಟ್ಟಿಲನ್ನೇ ಮತ್ತೆ ಮತ್ತೆ ಹತ್ತುವುದು.

"ಈ ಸಲ ಹಂಗ ಆಗೂದಿಲ್ಲ. ನಾ ಮಾತು ಕೊಡ್ತೀನಿ" ಎಂದರು ಗುರೂಜಿ. ಮಾತು ಕೊಡುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಊರ್ಮಿಲಾ ಶಾಲೆಗೆ ಬಂದಳು. ತಮ್ಮನೂ ಬಂದ, ಬಾಗಿಲ ಬಳಿ ಮಲಗಿದ. ಗುರೂಜಿ ಹಲಗೆಯ ಮೇಲೆ ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ ಬರೆದು ತಮ್ಮ ಮಾಮೂಲಿ ಕಥೆ ಶುರು ಮಾಡಿದರು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯ ಐದಪ್ಪನ ಹತ್ತಿರ ಹೋಗಿ ಹತ್ತು ಕೈಗಡ ಕೇಳಬೇಕು, ಇತ್ಯಾದಿ. ಹುಡುಗಿ ಕೈ ಎತ್ತಿದಳು.

"ನಮ್ಮ ಸರ್ ಹಂಗ ಹೇಳಿಲ್ಲ."

"ಮತ್ತ ಹೆಂಗ ಹೇಳ್ಯಾರ ನಿಮ್ಮ ಸರ್?"

"ಕೈಗಡ ಯಾಕ ಕೇಳ್ಬೇಕು ಅಂತಾರ. ಇಪ್ಪತ್ತೇಳಕ್ಕ ಮೂರು ಕೊಟ್ರ ಮೂವತ್ತು. ಇಪ್ಪತ್ತು ಕೊಟ್ರ ಐವತ್ತು. ಇನ್ನೆರಡು ಕೊಟ್ರ ಐವತ್ತೆರಡು. ಎಲ್ಲಾ ಕೂಡಿ ಇಪ್ಪತ್ತೈದು. ಆತಲ್ಲ."

ನಾನು ಈ ಕಡೆಯ ಕೋಣೆಯಿಂದ ಕೇಳುತ್ತಿದ್ದೆ. ಉತ್ತರ ಸರಿಯಿತ್ತು. ಗುರೂಜಿ ಹಲಗೆ ಒರೆಸಿ ಬೇರೆ ಲೆಕ್ಕ ಬರೆದರು.

ಅವತ್ತಿನಿಂದ 'ನಮ್ಮ ಸರ್' ನಮ್ಮ ಶಾಲೆಯ ಮೂರನೆಯ ಶಿಕ್ಷಕರಾದರು. ಗುರೂಜಿ ಗಡಿಯಾರ ಕಲಿಸಿದರೆ, ನಮ್ಮ ಸರ್ ನೆರಳು ನೋಡಿ ಹೇಳ್ತಾರ. ಗುರೂಜಿ ಹಾಡು ಹೇಳಿದರೆ, ನಮ್ಮ ಸರ್ ಇನ್ನೊಂದು ಸ್ವಲ್ಪ ಮೆತ್ತಗ ಹೇಳ್ತಾರ. ಆ ಸರ್‌ನ ಹೆಸರೇನು ಎಂದು ಗುರೂಜಿ ಒಂದು ದಿನ ಹಲ್ಲು ಕಚ್ಚಿಕೊಂಡು ಕೇಳಿದರು. "ಸರ್ ಹೆಸರು ಸರ್" ಎಂದಳು ಹುಡುಗಿ. ಮಧ್ಯಾಹ್ನ ಜೋಳದ ಭಾಕರಿಯ ಬುತ್ತಿ ಬಿಚ್ಚಿದಾಗ ಗುರೂಜಿ ಮೆಣಸಿನಕಾಯಿ ಚಟ್ನಿಯನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿಕೊಂಡು ತಿನ್ನುತ್ತಿದ್ದರು. ಇದು ಹೊಟ್ಟೆಕಿಚ್ಚು ಎಂದು ನನಗೆ ಗೊತ್ತಾಗಿತ್ತು. ಮನುಷ್ಯ ಕಂಡ ಶತ್ರುವನ್ನು ಸಹಿಸಿಯಾನು, ಕಾಣದ ಶತ್ರುವನ್ನು ಹೇಗೆ ಸಹಿಸುತ್ತಾನೆ?

ಕೊನೆಗೆ ಒಂದು ದಿನ ಊರ್ಮಿಲಾಳ ಪಾಟಿಯ ಫೋಟೋ ತೆಗೆದರು. ಅದರಲ್ಲಿ ಮೂರು, ಇಪ್ಪತ್ತು, ಎರಡು ಎಂದು ಸಾಲಾಗಿ ಬರೆದು ಕೆಳಗೆ ಇಪ್ಪತ್ತೈದು ಎಂದಿತ್ತು. ಆ ಮೂರೂ ಸಂಖ್ಯೆಗಳಿಗೆ ಕೆಂಪು ಸುತ್ತು ಬಿತ್ತು. "ಉತ್ತರ ಸರಿ, ದಾರಿ ಅಡ್ಡದಾರಿ. ಕಿರಾಣಿ ಅಂಗಡಿಯ ಈ ಗಣಿತವನ್ನು ಯಾವ ಮಹಾನುಭಾವರು ಕಲಿಸಿದರೋ, ಅವರಿಗೆ ಪರಿವಾರದ ವತಿಯಿಂದ ಶಾಲು ಹೊದಿಸಿ ತೆಂಗಿನಕಾಯಿ ಕೊಡಬೇಕು" ಎಂದು ಬರೆದು ಜ್ಞಾನಗಂಗೆಯಲ್ಲಿ ತೇಲಿಬಿಟ್ಟರು.

ಗಂಗೆ ಉಕ್ಕಿತು. ನಗುವ ಮುಖಗಳು, ಕಣ್ಣೀರು ಸುರಿಸಿ ನಗುವ ಮುಖಗಳು, ಶಾಲಿನ ಚಿತ್ರ, ತೆಂಗಿನಕಾಯಿಯ ಚಿತ್ರ. ಸಾತಾರಾದ ಒಬ್ಬರು ಹಾರದ ಚಿತ್ರವನ್ನೂ ಹಾಕಿದರು. ಅದರ ನಡುವೆ ಒಂದು ಸಾಲು ಬಂತು.

"ಆ ಮಹಾನುಭಾವ ನಾನೇ. ವೈಜನಾಥ ನಾಗರಗೋಜೆ, ಜಿಲ್ಲಾ ಪರಿಷತ್ ಶಾಲೆ, ಗರ್ಜೆವಸ್ತಿ, ಬೀಡ್ ಜಿಲ್ಲೆ."

ಅದರ ಕೆಳಗೆ, ನಾಗರಗೋಜೆಯವರು ಗುಂಪು ತೊರೆದರು ಎಂಬ ಸಣ್ಣ ಬೂದುಬಣ್ಣದ ಗೆರೆ.

ಅದನ್ನು ಓದದೇ ನಗುವ ಮುಖ ಹಾಕುವವರು ಇನ್ನೂ ಬಹಳ ಹೊತ್ತು ಹಾಕುತ್ತಲೇ ಇದ್ದರು. ಒಬ್ಬರಂತೂ ಹೆಸರು, ಶಾಲೆ, ಜಿಲ್ಲೆ ಕಂಡ ಕೂಡಲೇ ಯಾವುದೋ ಪ್ರಶಸ್ತಿ ಬಂದಿರಬೇಕೆಂದು "ನಾಗರಗೋಜೆ ಸರ್‌ಗೆ ಹಾರ್ದಿಕ ಅಭಿನಂದನೆ" ಎಂದು ಬರೆದರು. ಅವರ ಹಿಂದೆಯೇ ಇಪ್ಪತ್ತು ಮೂವತ್ತು ಅಭಿನಂದನೆಗಳು ಬಂದವು. ಆ ದಿನ ನನಗೆ ನಮ್ಮ ಜಾತಿಯ ಮೇಲೆ, ಅಂದರೆ ಶಿಕ್ಷಕರ ಜಾತಿಯ ಮೇಲೆ, ನಿಜವಾಗಿಯೂ ಸಿಟ್ಟು ಬಂತು.

ಮರುದಿನ ಗುರೂಜಿ ಏನೂ ಆಗದವರಂತೆ ಬಂದರು. "ಹೋದ್ರ ಹೋಗ್ಲಿ ಬಾಯಿ. ಇಷ್ಟಕ್ಕ ಸಿಟ್ಟಾದ್ರ ಹೆಂಗ? ಬೀಗರು ಮುನಿಸ್ಕೊಂಡಂಗ ಮುನಿಸ್ಕೊಂಡ್ರ ನಾವೇನು ಕಾಲು ತೊಳೀಬೇಕೇನು?"

"ತೊಳೀಬೇಕಾಗಬಹುದು" ಎಂದೆ. ನಾನು ಮುಂಜಾನೆಯೇ ಗುಂಪಿನ ಹಳೆಯ ಮಾತುಗಳನ್ನೆಲ್ಲ ಹಿಂದಕ್ಕೆ ಸರಿಸುತ್ತಾ ಹೋಗಿದ್ದೆ. ಈ ನಾಗರಗೋಜೆ ಎಂಬುವರು ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರು, ದೀಪಾವಳಿಗೆ ಮೊದಲು. ಅದು ಗುರೂಜಿಯ ಹುಟ್ಟುಹಬ್ಬದ ದಿನ. ಮೇಲೆ ಕೇಕು, ಕೆಳಗೆ ಕೇಕು, ನಡುವೆ ಅವರ ಮಾತು. ಗುರೂಜಿಯ ಮುಂದೆ ಫೋನು ಹಿಡಿದೆ.

"ನಮ್ಮ ಊರಿನ ಮಕ್ಕಳು ಹಬ್ಬ ಮುಗಿಸಿ ಕಬ್ಬಿಗೆಂದು ನಿಮ್ಮ ಕಡೆ ಹೊರಡಲಿದ್ದಾರೆ. ಯಾರು ಯಾರ ಶಾಲೆಗೆ ಬರುತ್ತಾರೋ ಗೊತ್ತಿಲ್ಲ. ಬಂದರೆ ನನಗೊಂದು ಮಾತು ತಿಳಿಸಿ. ಎಲ್ಲಿಯವರೆಗೆ ಕಲಿತಿದ್ದಾರೆಂದು ನಾನು ಹೇಳುತ್ತೇನೆ, ಹೊರಡುವಾಗ ನೀವು ನನಗೆ ಹೇಳಿ. ಮತ್ತೆ ಮೊದಲಿಂದ ಮಾತ್ರ ಬೇಡ, ಕೈಮುಗಿದು ಕೇಳುತ್ತೇನೆ."

ಅದರ ಕೆಳಗೆ ಗುರೂಜಿಯ ಉತ್ತರವಿತ್ತು. "ತಮ್ಮ ಶುಭಾಶಯಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ಪ್ರೀತಿ ಹೀಗೇ ಇರಲಿ."

ಗುರೂಜಿ ಅದನ್ನು ಎರಡು ಸಲ ಓದಿದರು. ಮುಖ ಸಣ್ಣದಾಯಿತು. "ಕೈಮುಗಿದ ಚಿತ್ರ ಇತ್ತಲ್ಲ ಬಾಯಿ, ಅದಕ್ಕ ನಾ ಶುಭಾಶಯ ಅನ್ಕೊಂಡೆ" ಎಂದರು. ನಾನು ಫೋನು ಹಿಂದಕ್ಕೆ ತೆಗೆದುಕೊಂಡೆ.

ಅಷ್ಟರಲ್ಲಿ ಊರ್ಮಿಲಾ ಬಂದು ಬಾಗಿಲಲ್ಲಿ ನಿಂತಳು. ಅವಳ ಪಾಟಿ ಫೋನಿನಲ್ಲಿ ಎಲ್ಲ ಕಡೆ ಹೋಗಿದೆ ಎಂದು ಉಳಿದ ಮಕ್ಕಳು ಹೇಳಿದ್ದರು. ಅವಳಿಗೆ ಅದರಲ್ಲಿ ತನ್ನ ಸರ್ ಸಿಕ್ಕಿರಬಹುದೆಂಬ ಆಸೆ.

"ಗುರೂಜಿ, ನಮ್ಮ ಸರ್ ನೋಡಿದ್ರೇನು?"

"ನೋಡಿದ್ರು."

"ನಾ ಎಲ್ಲಿವರೆಗೂ ಬಂದೀನಿ ಅಂತ ಹೇಳಿದ್ರೇನು ಅವರಿಗೆ? ಹೇಳ್ಬೇಕ್ರಿ. ಇಲ್ಲಾಂದ್ರ ಊರಾಗ ಎಲ್ಲಾರ ಜೋಡಿ ಮತ್ತ ಮೊದಲಿಂದ ಕುಂಡ್ರಬೇಕು. ನಮ್ಮವ್ವ ಸಾಲಿ ಬಿಡಸ್ತಾಳ."

ಗುರೂಜಿ ಕಿಟಕಿಯ ಕಡೆ ನೋಡಿದರು. ತರಗತಿಯಲ್ಲಿ ಯಾವ ಪ್ರಶ್ನೆಗೂ ಅವರು ಕಿಟಕಿ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಗುರೂಜಿ ಸುಮ್ಮನೆ ಕೂರುವವರಲ್ಲ. ಅವತ್ತು ಸಂಜೆಯೇ ಗುಂಪಿನಲ್ಲಿ ಒಂದು ಉದ್ದನೆಯ ಕ್ಷಮಾಪಣೆ ಬರೆದರು. ಬರೆದಿದ್ದು ಚೆನ್ನಾಗಿಯೇ ಇತ್ತು. ತಮ್ಮ ತಪ್ಪು, ತಮ್ಮ ದುಡುಕು, ನಾಗರಗೋಜೆ ಸರ್‌ನ ದೊಡ್ಡತನ, ಎಲ್ಲ ಇತ್ತು. "ಗ್ರೇಟ್ ಸರ್", "ನಿಮ್ಮಂಥವರು ಅಪರೂಪ", "ಕಣ್ಣು ತುಂಬಿತು" ಎಂದು ಜನ ಮುಗಿಬಿದ್ದರು. ಗುರೂಜಿಯ ಯಾವ ಸುವಿಚಾರಕ್ಕೂ ಅಷ್ಟು ಹೆಬ್ಬೆರಳು ಬಿದ್ದಿರಲಿಲ್ಲ. ಮರುದಿನ ಅವರು ಒಂದಿಷ್ಟು ಉಬ್ಬಿಕೊಂಡೇ ಬಂದರು.

"ನೋಡಿದ್ರೇನು ಬಾಯಿ?"

"ನೋಡಿದೆ. ಎಲ್ಲಾರೂ ನೋಡ್ಯಾರ. ಅವರೊಬ್ಬರನ್ನ ಬಿಟ್ಟು. ಅವರು ಗುಂಪು ಬಿಟ್ಟು ಹೋಗ್ಯಾರಲ್ಲ ಗುರೂಜಿ."

ಪಾಪ, ಅದು ಅವರಿಗೆ ಹೊಳೆದೇ ಇರಲಿಲ್ಲ. ಫೋನು ಮಾಡಿದರು, ಆ ಕಡೆ ಎತ್ತಲಿಲ್ಲ. ಖಾಸಗಿಯಾಗಿ ಬರೆದರು, ಒಂದೇ ಗೆರೆ ಬಿದ್ದು ನಿಂತಿತು, ತಲುಪಿತು ಎನ್ನುವ ಎರಡನೆಯ ಗೆರೆ ಬರಲೇ ಇಲ್ಲ. ಬಾಗಿಲು ಹಾಕಿ ಅಗಳಿ ಜಡಿದಿದ್ದರು ನಾಗರಗೋಜೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ದಿನಗಳು ಹೋದವು. ಬಯಲಿನ ಸುತ್ತ ಕಬ್ಬು ಕಡಿಮೆಯಾಗುತ್ತಾ ಬಂತು. ಕಬ್ಬು ಮುಗಿದರೆ ಗ್ಯಾಂಗು ಹೊರಟಂತೆ. ಊರ್ಮಿಲಾ ಈಗ ಗುರೂಜಿಯ ಮಗ್ಗಿ ಎಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು, ಗುಣಾಕಾರ ತಲೆಗೆ ಹತ್ತಿತ್ತು. ಆದರೆ ಕಳೆಯುವ ಲೆಕ್ಕ ಬಂದರೆ ಕೈ ನಿಲ್ಲುತ್ತಿತ್ತು. ತನ್ನ ಸರ್‌ನ ದಾರಿಯಲ್ಲಿ ಹೋದರೆ ಗುರೂಜಿ ಸಿಟ್ಟಾಗುತ್ತಾರೆ, ಗುರೂಜಿಯ ದಾರಿ ಒಪ್ಪಲು ಮನಸ್ಸಿಲ್ಲ. ಇಬ್ಬರು ಸವತಿಯರ ನಡುವೆ ಸಿಕ್ಕ ಗಂಡನ ಪಾಡು ಅವಳದು.

"ಗುರೂಜಿ, ನೀವು ಅವರ ಲೆಕ್ಕ ಕಲೀರಿ" ಎಂದೆ ನಾನು ಒಂದು ಮಧ್ಯಾಹ್ನ.

"ನನಗೇನು ಬರೂದಿಲ್ಲೇನು?"

"ಬಂದ್ರ ಮಾಡಿ ತೋರಸ್ರಿ. ಅಕಿ ಕಲಸ್ತಾಳ, ನೀವು ಕುಂಡ್ರಿ. ನಾ ನನ್ನ ಫೋನಿನ್ಯಾಗ ತಗೀತೀನಿ. ನನ್ನ ನಂಬರಿಗೆ ಅವರು ಅಗಳಿ ಹಾಕಿಲ್ಲ."

ಗುರೂಜಿ ಮನೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಪುಟದ ಭಾಷಣ ಬರೆದುಕೊಂಡು ಬಂದರು. ಭಾಷಣವನ್ನು ನಾನು ಇಸಿದುಕೊಂಡೆ. ನೆಲದ ಮೇಲೆ, ಮೂರನೆಯ ತರಗತಿಯ ಸಾಲಿನಲ್ಲಿ ಕೂರಿಸಿದೆ. ಮೊಣಕಾಲು ಮಡಚಲು ಬರದೆ ಅವರು ಒಂದು ಕಾಲು ಚಾಚಿ ಕುಳಿತರು. ಊರ್ಮಿಲಾ ಸೀಮೆಸುಣ್ಣ ಹಿಡಿದು ಮುಂದೆ ನಿಂತಳು.

"ತೊಂಬತ್ತೊಂದು. ಅದರಾಗ ನಲವತ್ತಾರು ತಗೀಬೇಕು. ಹೇಳ್ರಿ, ನಲವತ್ತಾರಕ್ಕ ಎಷ್ಟು ಕೊಟ್ರ ಮುಂದಿನ ಹತ್ತರ ಮನಿ ಬರ್ತೈತಿ?"

"ನಾಲ್ಕು."

"ಹೂಂ. ಅಲ್ಲಿಂದ ತೊಂಬತ್ತಕ್ಕ?"

ಗುರೂಜಿ ಬೆರಳು ಮಡಚತೊಡಗಿದರು. "ಐವತ್ತು" ಎಂದರು.

"ಐವತ್ತರಿಂದ ತೊಂಬತ್ತಕ್ಕ ಐವತ್ತೇನ್ರಿ? ಬೆರಳು ಬಿಡ್ರಿ ಗುರೂಜಿ. ಮನಸಿನ್ಯಾಗ ನಡ್ಕೊಂತ ಹೋಗ್ರಿ."

ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಗುರೂಜಿಯ ಕಿವಿ ಕೆಂಪಾಯಿತು. ಅವರು ಬೇಕೆಂದೇ ತಪ್ಪಿದರು ಎಂದು ಊರಿನಲ್ಲಿ ಈಗಲೂ ಕೆಲವರು ಹೇಳುತ್ತಾರೆ. ನಾನು ಎದುರಿಗಿದ್ದೆ, ಅವರು ನಿಜವಾಗಿಯೇ ತಪ್ಪಿದರು. ಮೂರನೆಯ ಲೆಕ್ಕಕ್ಕೆ ದಾರಿ ಹಿಡಿದರು. ಹುಡುಗಿ "ಬಂತು ನೋಡ್ರಿ" ಎಂದು ಬೆನ್ನು ತಟ್ಟಿದಳು. ಕೊನೆಯಲ್ಲಿ ಗುರೂಜಿ ನನ್ನ ಫೋನಿನ ಕಡೆ ತಿರುಗಿ ಭಾಷಣವಿಲ್ಲದೆ ಒಂದೇ ಮಾತು ಹೇಳಿದರು. "ನಾಗರಗೋಜೆ ಸರ್, ನನ್ನ ಮ್ಯಾಲೆ ಸಿಟ್ಟಿರ್ಲಿ, ಅದು ನ್ಯಾಯ ಐತಿ. ಈ ಹುಡುಗಿ ಎಲ್ಲಿವರೆಗೂ ಬಂದಾಳ ಅಂತ ಮಾತ್ರ ಕೇಳ್ಕೋರಿ."

ಕಳಿಸಿದೆ. ಎರಡು ಗೆರೆ ಬಿದ್ದವು, ನೀಲಿಯಾದವು. ಎರಡು ದಿನ ಏನೂ ಇಲ್ಲ. ಗುರೂಜಿ ಆ ಎರಡು ದಿನ ಯಾರ ಪಾಟಿಯನ್ನೂ ತಿದ್ದಲಿಲ್ಲ, ಮಕ್ಕಳು ಗಾಬರಿಯಾದರು. ಮೂರನೆಯ ದಿನ ನನ್ನ ಫೋನಿಗೆ ಧ್ವನಿ ಬಂತು. ಗಾಳಿಯ ಸದ್ದು, ಎಲ್ಲೋ ಆಡು ಒದರುವ ಸದ್ದು, ನಡುವೆ ತಗ್ಗಿದ ದನಿಯ ಒಬ್ಬ ಮನುಷ್ಯ.

"ಬಾಯಿ, ಊರ್ಮಿಲಾ ಸ್ವಲ್ಪ ಎತ್ತರ ಆಗ್ಯಾಳ ಅಲ್ಲ? ಹತ್ತು ಸಲ ನೋಡಿದೆ. ಗುರೂಜಿಗೆ ಹೇಳ್ರಿ, ಕಿರಾಣಿ ಅಂಗಡಿ ಲೆಕ್ಕ ಅಂದದ್ದು ಸುಳ್ಳಲ್ಲ. ನಮ್ಮಪ್ಪನೂ ಕೊಯ್ತಾ ಹಿಡ್ಕೊಂಡು ಕಬ್ಬು ಕಡಿಯಾಕ ಬರ್ತಿದ್ದ, ನಾನೂ ಆ ಗುಡಿಸಲಿನ್ಯಾಗ ಇದ್ದಾವ. ಗದ್ದ್ಯಾಗ ಪಾಟಿ ಎಲ್ಲಿರ್ತೈತಿ? ಆರು ತಿಂಗಳು ಯಾರೂ ಕೇಳದಿದ್ರೂ ತಲ್ಯಾಗ ಉಳಿಯೋದು ಇದೊಂದ ಅಂತ ಕಲಸ್ತೀನಿ. ಮೂರಂಕಿ ಬಂದ್ರ ಇದು ಸುತ್ತು ದಾರಿ, ನನಗೂ ಗೊತ್ತೈತಿ. ಅಲ್ಲಿಂದ ಮುಂದ ಗುರೂಜಿ ದಾರೀಲೇ ಹೋಗ್ಲಿ. ಭಾಗಾಕಾರ ಹಿಡೀರಿ ಅಂತ ಹೇಳ್ರಿ, ದಿನ ಕಮ್ಮಿ ಅದಾವ."

ಗುರೂಜಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಮತ್ತೆ ಮತ್ತೆ ಕೇಳಿದರು. ಕಣ್ಣು ಒರೆಸಿಕೊಂಡರು. ಅವರು ಮೆತ್ತಗಿನ ಮನುಷ್ಯ, ಗದ್ದಲದ ಒಳಗೆ ಬಚ್ಚಿಟ್ಟುಕೊಂಡಿರುತ್ತಾರೆ ಎಂದು ನನಗೆ ಮೊದಲೇ ಗೊತ್ತು. ನಾಗರಗೋಜೆಗೆ ಅವತ್ತು ಗೊತ್ತಾಯಿತು ಅಂತ ಕಾಣುತ್ತದೆ, ಅಗಳಿ ತೆಗೆದರು.

ಜ್ಞಾನಗಂಗೆಗೆ ಮಾತ್ರ ಅವರು ಮರಳಲಿಲ್ಲ. "ಅಲ್ಲಿ ಭಾಳ ನೀರೈತ್ರಿ, ನನಗ ಈಜು ಬರೂದಿಲ್ಲ" ಎಂದರು. ನಾವು ಮೂವರದೇ ಬೇರೆ ಗುಂಪಾಯಿತು. ಗುರೂಜಿ ಅದಕ್ಕೆ 'ರಾಜ್ಯಮಟ್ಟದ ಶೈಕ್ಷಣಿಕ ಸಮನ್ವಯ ಮಂಚ' ಎಂದು ಹೆಸರಿಟ್ಟರು. ನಾಗರಗೋಜೆ ಅದನ್ನು ಅಳಿಸಿ 'ಊರ್ಮಿಲಾ' ಎಂದು ಬರೆದರು. ಗುರೂಜಿ ಇದನ್ನು ತಿದ್ದಲಿಲ್ಲ.

ಆಮೇಲಿನ ದಿನಗಳಲ್ಲಿ ಇಬ್ಬರೂ ಭಾಗಾಕಾರದ ಮೇಲೆ ಜಗಳವಾಡಿದ್ದೇ ಆಡಿದ್ದು. ಹುಡುಗಿಗೆ ಹಂಚುವುದರಿಂದ ಶುರು ಮಾಡಬೇಕೋ, ಮಗ್ಗಿಯಿಂದಲೋ? ಕಬ್ಬಿನ ಗಣಿಕೆಯ ತುಂಡು ತಂದು ಐದೈದರ ಕಟ್ಟು ಕಟ್ಟಿಸಿ ಎಂದರು ಒಬ್ಬರು. ಗಣಿಕೆ ಕೊಟ್ಟರೆ ಮಕ್ಕಳು ತಿಂದು ಮುಗಿಸುತ್ತಾರೆ, ಶೇಷ ಉಳಿಯುವುದಿಲ್ಲ ಎಂದರು ಇನ್ನೊಬ್ಬರು. ಕೊನೆಗೆ ಒಣ ಸೋಗೆಯ ಕಡ್ಡಿ ಗೆದ್ದಿತು. ಒಬ್ಬರು ಇಲ್ಲಿ ಕಲಿಸುವುದು, ಒಬ್ಬರು ಅಲ್ಲಿ ಕೇಳುವುದು, ಹುಡುಗಿ ಇಬ್ಬರಿಗೂ ಉತ್ತರ ಕೊಡುವುದು. ಇಷ್ಟು ವರ್ಷ ದೊಡ್ಡ ಗುಂಪಿನಲ್ಲಿ ನಾನು ಕಾಣದ ಕೆಲಸವನ್ನು ಆ ಸಣ್ಣ ಗುಂಪಿನಲ್ಲಿ ಕಂಡೆ.

ಯುಗಾದಿಗೆ ಮುಂಚೆ ಗ್ಯಾಂಗು ಹೊರಟಿತು. ಗಂಟುಮೂಟೆಯ ಮೇಲೆ ಕುಳಿತ ಊರ್ಮಿಲಾ ಕೈ ಬೀಸಿದಳು. ಗುರೂಜಿ ರಸ್ತೆಯ ಬದಿಯಲ್ಲೇ ನಿಂತು ಬರೆದರು. "ಶೇಷ ಉಳಿಯುವ ಭಾಗಾಕಾರ, ಭಾಜಕ ಒಂದಂಕಿ, ಬರುತ್ತದೆ. ಸೊನ್ನೆ ನಡುವೆ ಬಂದರೆ ಎಡವುತ್ತಾಳೆ. ಅಲ್ಲಿಂದ ಹಿಡಿಯಿರಿ." ನಾಗರಗೋಜೆ "ಹಿಡಿದೆ" ಎಂದಷ್ಟೇ ಬರೆದರು.

ಬೇಸಿಗೆಯೆಲ್ಲ ಗುರೂಜಿ ಭಿನ್ನರಾಶಿಯ ತಯಾರಿ ಮಾಡಿದರು. ರಟ್ಟು ಕತ್ತರಿಸಿ ಅರ್ಧ, ಕಾಲು, ಅರೆಕಾಲು ಭಾಕರಿ ಮಾಡಿ ಬಣ್ಣ ಹಚ್ಚಿದರು. ಯಾರಿಗೆ ಎಂದು ನಾನು ಕೇಳಲಿಲ್ಲ. "ಈ ಸಲ ಅಕಿ ಬಂದ ಕೂಡ್ಲೇ ಇದನ್ನ ತಗೀತೀನಿ" ಎಂದು ಅವರೇ ಹೇಳಿದರು. ನಾಗರಗೋಜೆ ಊರ್ಮಿಲಾಳ ಪಾಟಿಯ ಫೋಟೋಗಳನ್ನು ಕಳಿಸುತ್ತಿದ್ದರು, ಆದರೆ ಈ ಸಲ ಬರುತ್ತಾಳೆ ಎಂದಾಗಲಿ, ಬರುವುದಿಲ್ಲ ಎಂದಾಗಲಿ ಹೇಳಿರಲಿಲ್ಲ.

ದೀಪಾವಳಿ ಮುಗಿದು ಈ ಸಲವೂ ಅದೇ ಗ್ಯಾಂಗು ನಮ್ಮೂರಿಗೇ ಬಂದ ಸುದ್ದಿ ಸಿಕ್ಕಿದ ದಿನವೇ ನಾವು ಬಯಲಿಗೆ ಹೋದೆವು. ಗುರೂಜಿ ರಟ್ಟಿನ ಭಾಕರಿಗಳ ಚೀಲ ಹಿಡಿದುಕೊಂಡಿದ್ದರು. ಶೇವಂತಾ ಗುಡಿಸಲಿಗೆ ಗಳ ನೆಡುತ್ತಿದ್ದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಗುರೂಜಿ ಆಗಲೇ ಎದ್ದಿದ್ದ ಅಕ್ಕಪಕ್ಕದ ಗುಡಿಸಲುಗಳೊಳಗೆ ಬಗ್ಗಿ ನೋಡಿದರು.

"ಊರ್ಮಿಲಾ ಎಲ್ಲಿ?"

"ಬಂದಿಲ್ಲ ಗುರೂಜಿ" ಎಂದಳು ಶೇವಂತಾ, ಗಳ ಬಿಟ್ಟು ಎದ್ದು ನಿಂತು. "ಸರ್ ಮನಿತನಕ ಬಂದಿದ್ರು. ನೀವು ಫೋನಿನ್ಯಾಗ ಕಳಿಸಿದ್ದು ಎಲ್ಲಾ ತೋರಿಸಿದ್ರು, ಅಕಿ ಇಲ್ಲಿ ಎಷ್ಟು ಕಲ್ತಾಳ, ಅಲ್ಲಿ ಎಷ್ಟು ಕಲ್ತಾಳ ಅಂತ. ಇಷ್ಟು ಮುಂದ ಬಂದಾಕಿನ್ನ ಇನ್ನ ನಡುವ ಕಡೀಬ್ಯಾಡ್ರಿ ಅಂದ್ರು. ಅಜ್ಜಿ ಹತ್ರ ಬಿಟ್ಟು ಬಂದೀನಿ. ನಾಕನೇ ತರಗತ್ಯಾಗ ಕುಂತಾಳ."

ಗುರೂಜಿ ರಟ್ಟಿನ ಭಾಕರಿಗಳ ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡರು. ನನಗೆ ಸಂತೋಷವಾಯಿತು, ಬೇಸರವೂ ಆಯಿತು, ಎರಡೂ ನಿಜ. ಶೇವಂತಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು.

"ಬರ್ತೀನಿ ಅಂತ ಭಾಳ ಅತ್ಲು ಗುರೂಜಿ. ನಿಮ್ಮ ಸಾಲಿಗೆ ಬರ್ಬೇಕಂತ ಲಾರಿ ಹತ್ತಿ ಕುಂತಿದ್ಲು. ಸರ್ ಬಂದು ಇಳಿಸ್ಕೊಂಡ್ರು, ಬಿಡಲೇ ಇಲ್ಲ."

"ಬಿಡಬಾರದು" ಎಂದರು ಗುರೂಜಿ. "ಬಿಡಲೇಬಾರದು. ಛಲೋ ಮಾಡಿದ್ರು." ಆಮೇಲೆ ಅವರು ಅಲ್ಲೇ ಸೋಗೆಯ ಹೊರೆಯ ಮೇಲೆ ಕುಳಿತು, ಯಾರಿಗೂ ಮರೆಮಾಚದೆ ಅತ್ತರು.